ಕಟ್ಟೆ ಇಲ್ಲದ ಓಣಿ

ಕಿತ್ತೂರಿನಿಂದ ಹೊರಟು ಬೈಲಹೊಂಗಲ, ಸವದತ್ತಿ ದಾಟಿ ರಾಮದುರ್ಗದವರೆಗೆ ಬಸ್ಸಿನ ಕಿಟಕಿ ಪಕ್ಕ ಕುಳಿತು ಹೋದವರಿಗೆ ಒಂದು ಸಂಗತಿ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಕಿತ್ತೂರಿನ ಸುತ್ತಮುತ್ತ ಹಳೆಯ ಮನೆಗಳಿಗೆ ಇಳಿಜಾರಾದ ಹೆಂಚಿನ ಛಾವಣಿ. ಪೂರ್ವಕ್ಕೆ ಸರಿದಂತೆ ಹೆಂಚು ಕಡಿಮೆಯಾಗುತ್ತ ಬರುತ್ತದೆ. ಸವದತ್ತಿ ದಾಟಿದ ಮೇಲೆ ಚಪ್ಪಟೆಯಾದ ಮಣ್ಣಿನ ಮಾಳಿಗೆಗಳೇ ಹೆಚ್ಚು. ಕಾರಣ ಸರಳ. ಪಶ್ಚಿಮದಲ್ಲಿ ಸಹ್ಯಾದ್ರಿಯ ಅಂಚಿನ ಮಳೆ. ರಾಮದುರ್ಗದ ಕಡೆ ಮಳೆಯ ನೆರಳಿನ ಒಣ ನಾಡು. ಹೆಚ್ಚು ಮಳೆ ಬೀಳುವಲ್ಲಿ ನೀರು ಬೇಗ ಜಾರಿ ಹೋಗಬೇಕು. ಕಡಿಮೆ ಬೀಳುವಲ್ಲಿ ಬಿಸಿಲನ್ನು ತಡೆಯುವುದೇ ಮುಖ್ಯ. ಮೇಲಾಗಿ ಕಾಳು ಒಣಗಿಸಲು, ಬೇಸಿಗೆಯ ರಾತ್ರಿ ಮಲಗಲು ಮಾಳಿಗೆ ಬೇಕು. ಒಂದೇ ಜಿಲ್ಲೆಯ ನಾಲ್ಕು ಊರುಗಳ ಛಾವಣಿಗಳನ್ನು ಸಾಲಾಗಿ ಜೋಡಿಸಿದರೆ ಅದು ಮಳೆಯ ನಕ್ಷೆಯೇ ಆಗುತ್ತದೆ.

ಮಾಳಿಗೆಯ ಮೇಲೆ ಹಾಸುವ ಮಣ್ಣಿನ ವಿಷಯವೂ ಕುತೂಹಲದ್ದು. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಕ್ಕೆ, ಅದರ ಮೇಲೆ ಸೊಪ್ಪು-ಕಡ್ಡಿ, ಆಮೇಲೆ ಕಲಸಿದ ಮಣ್ಣು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಹಿರಿಯರು ಸವಳು ಮಣ್ಣನ್ನೇ ಹುಡುಕಿ ತರುತ್ತಿದ್ದರು. ಹೊಲದಲ್ಲಿ ಸವಳು ಕಂಡರೆ ರೈತ ಹಣೆ ಚಚ್ಚಿಕೊಳ್ಳುತ್ತಾನೆ, ಏಕೆಂದರೆ ಅದರಲ್ಲಿ ನೀರು ಇಂಗುವುದಿಲ್ಲ. ಸೋಡಿಯಂ ಅಂಶ ಹೆಚ್ಚಿರುವ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲಕ್ಕೆ ಶಾಪವಾದ ಈ ಗುಣವೇ ಮಾಳಿಗೆಗೆ ವರ. ಸೋಡಿಯಂ ಎಂಬ ಹೆಸರು ಆ ಹಿರಿಯರಿಗೆ ಗೊತ್ತಿರಲಿಲ್ಲ. ಸೋರದ ಮಣ್ಣು ಯಾವ ದಿನ್ನೆಯಲ್ಲಿ ಸಿಗುತ್ತದೆ ಎಂಬುದು ಗೊತ್ತಿತ್ತು.

ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿಯೊಂದಿದೆ. ಶಾಲಾ ಪ್ರವಾಸಕ್ಕೆ ಬಂದ ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಅದರಲ್ಲಿ ಇಣುಕುತ್ತಾರೆ. ಯಾವುದೇ ಊರಿನಲ್ಲಿ ಧ್ರುವ ನಕ್ಷತ್ರ ಕ್ಷಿತಿಜದಿಂದ ಎಷ್ಟು ಎತ್ತರದಲ್ಲಿ ಕಾಣುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶ. ಕಿತ್ತೂರಿನದು ಹದಿನೈದೂವರೆ ಡಿಗ್ರಿಯ ಆಸುಪಾಸು. ಅಂದರೆ ಈ ಕಿಂಡಿಯ ಓರೆಯನ್ನು ಹಾಗೆಯೇ ಒಯ್ದು ದೆಹಲಿಯಲ್ಲಿ ಇಟ್ಟರೆ ಧ್ರುವ ಕಾಣಿಸದು. ಅಲ್ಲಿ ಅದು ಇಪ್ಪತ್ತೆಂಟೂವರೆ ಡಿಗ್ರಿ ಎತ್ತರದಲ್ಲಿರುತ್ತದೆ. ಊರಿನ ಅಳತೆ ಹಿಡಿದು ಕಟ್ಟಿದ್ದು ಆ ಊರಿಗೇ ಸಲ್ಲುತ್ತದೆ. ಮನೆ ಕಟ್ಟುವ ನಿಯಮಗಳನ್ನು ಬರೆಯುವವರು ಮೊದಲು ಈ ಕಿಂಡಿಯಲ್ಲಿ ಇಣುಕಿ ಬರುವುದು ಒಳ್ಳೆಯದು.

ಈ ಮಾತಿಗೆ ಕಾರಣವಿದೆ. ನಾಲ್ಕೂ ಊರುಗಳಲ್ಲಿ ಹಳೆಯ ಓಣಿಗಳ ಚಹರೆ ಬೇಗ ಬದಲಾಗುತ್ತಿದೆ. ಚಹರೆ ಎಂದರೆ ಕೆತ್ತನೆಯ ಹೆಬ್ಬಾಗಿಲು, ಕಮಾನು, ದೇಸಾಯರ ವಾಡೆ ಎಂದು ಅನೇಕರು ತಿಳಿದಿದ್ದಾರೆ. ಅವೂ ಹೌದು. ಆದರೆ ಓಣಿಯನ್ನು ಓಣಿಯಾಗಿ ಇಟ್ಟಿರುವುದು ಅವಲ್ಲ. ಮನೆಗೆ ಮನೆ ತಾಗಿ ನಡುವೆ ಒಂದೇ ಗೋಡೆ. ಸಾಲಿನ ಎಲ್ಲ ಮನೆಗಳ ಎತ್ತರ ಸುಮಾರು ಒಂದೇ. ದಾರಿಗೆ ಮುಖ ಮಾಡಿದ ಕಟ್ಟೆ. ಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅದಕ್ಕಿಂತ ಎರಡು ಮೆಟ್ಟಿಲು ಮೇಲೆ ಪಡಸಾಲೆ, ಒಳಗೆ ಬೆಳಕಿಂಡಿಯಿಂದ ಬೆಳಕು ಇಳಿಯುವ ಅಡಿಗೆ ಮನೆ. ಈ ಜೋಡಣೆಯೇ ಚಹರೆ. ಕಟ್ಟೆ ಮನೆಯವರದೂ ಹೌದು, ಓಣಿಯದೂ ಹೌದು. ಸಂಜೆ ಅದರ ಮೇಲೆ ಕುಳಿತ ಅಜ್ಜಿಗೆ ಓಣಿಯಲ್ಲಿ ಆಡುವ ಹತ್ತು ಮನೆಯ ಮಕ್ಕಳ ಮೇಲೆ ಕಣ್ಣಿರುತ್ತದೆ. ಯಾರೂ ಸಂಬಳ ಕೊಡದ ಕಾವಲು ಅದು.

ಊರ ಹೊರಗಿನ ಹೊಸ ಎನ್.ಎ. ಲೇಔಟುಗಳಲ್ಲಿ ಈ ಜೋಡಣೆಗೆ ಜಾಗವಿಲ್ಲ. ನಿವೇಶನದ ನಾಲ್ಕೂ ಕಡೆ ಖಾಲಿ ಬಿಟ್ಟು ನಡುವೆ ಮನೆ ಕಟ್ಟಬೇಕೆಂಬುದು ಅಲ್ಲಿಯ ಪದ್ಧತಿ. ಗಾಳಿ, ಬೆಳಕು, ಬೆಂಕಿಯಿಂದ ರಕ್ಷಣೆ ಎಂಬ ಉದ್ದೇಶ ಒಳ್ಳೆಯದೇ. ದೊಡ್ಡ ನಿವೇಶನಕ್ಕೆ ಅದು ಒಪ್ಪುತ್ತದೆ ಕೂಡ. ಸಣ್ಣದಕ್ಕೆ ಏನಾಗುತ್ತದೆ ಎಂಬುದನ್ನು ಏಳನೆಯ ತರಗತಿಯ ಕ್ಷೇತ್ರಗಣಿತದಿಂದಲೇ ನೋಡಬಹುದು.

30 ಅಡಿ ಅಗಲ, 40 ಅಡಿ ಉದ್ದದ ನಿವೇಶನ 1200 ಚದರ ಅಡಿ. ಮುಂದೆ 5 ಅಡಿ, ಉಳಿದ ಮೂರು ಕಡೆ 3 ಅಡಿ ಬಿಟ್ಟರೆಂದು ಇಟ್ಟುಕೊಳ್ಳಿ. ಕಟ್ಟಲು ಉಳಿಯುವುದು 24 ಅಡಿಗೆ 32 ಅಡಿ, ಅಂದರೆ 768 ಚದರ ಅಡಿ. ಉಳಿದ 432 ಚದರ ಅಡಿ, ನೂರಕ್ಕೆ 36 ಪಾಲು, ಸಂದಿಯಾಗಿ ಹೋಯಿತು. ಮೂರಡಿ ಸಂದಿಯಲ್ಲಿ ಗಾಳಿ ಬರುವುದಕ್ಕಿಂತ ಹೆಚ್ಚಾಗಿ ಒಡೆದ ಬಕೆಟ್ಟು, ಹಳೆಯ ಟೈರು ಬಂದು ಸೇರುತ್ತವೆ. ಇನ್ನು ಬಿಸಿಲಿಗೆ ಒಡ್ಡಿದ ಗೋಡೆಯ ಲೆಕ್ಕ. ಎರಡೂ ಪಕ್ಕ ನೆರೆಮನೆ ತಾಗಿದ್ದರೆ ಬಿಸಿಲು ಬೀಳುವುದು ಮುಂದಿನ 30 ಮತ್ತು ಹಿಂದಿನ 30, ಒಟ್ಟು 60 ಅಡಿ ಗೋಡೆಗೆ ಮಾತ್ರ. ಬಿಡಿಯಾಗಿ ನಿಂತ ಮನೆಗೆ 112 ಅಡಿ. ಮನೆ ಚಿಕ್ಕದಾಯಿತು, ಕಾಯುವ ಗೋಡೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು.

ಹಳೆಯ ಓಣಿಯಲ್ಲಿ 15 ಅಡಿ ಅಗಲ, 60 ಅಡಿ ಉದ್ದದ ಜಾಗಗಳು ಅಪರೂಪವಲ್ಲ. ಅಲ್ಲಿ ಎರಡು ಪಕ್ಕ ಮೂರು ಮೂರು ಅಡಿ ಬಿಟ್ಟರೆ ಉಳಿಯುವುದು 9 ಅಡಿ. ಗೋಡೆಗಳ ದಪ್ಪ ಕಳೆದರೆ ಏಳೂವರೆ. ಆರಡಿ ಮಂಚ ಅಡ್ಡ ಹಾಕಿದರೆ ನಡೆಯಲು ಒಂದೂವರೆ ಅಡಿ! ಚಿಕ್ಕ ನಿವೇಶನಗಳಿಗೆ ನಿಯಮಗಳಲ್ಲಿ ರಿಯಾಯಿತಿ ಇರುತ್ತದೆ ಎಂಬುದು ನಿಜ. ಆದರೆ ರಿಯಾಯಿತಿ ಎಂಬ ಮಾತಿನಲ್ಲೇ ಓಣಿಯ ಪದ್ಧತಿ ತಪ್ಪು, ಲೇಔಟಿನ ಪದ್ಧತಿ ಸರಿ ಎಂಬ ಅರ್ಥ ಅಡಗಿದೆ. ಗೋಡೆ ಹಂಚಿಕೊಂಡು ಕಟ್ಟುವುದೇ ಈ ಓಣಿಯ ನಿಯಮ ಎಂದು ಬರೆದರೆ ಯಾರೂ ರಿಯಾಯಿತಿ ಬೇಡಬೇಕಾಗಿಲ್ಲ.

ಶಾಖದ ವಿಷಯ ಇನ್ನೊಂದಿದೆ. ಹೊರಗಿನ ಬಿಸಿ ಗೋಡೆಯನ್ನು ದಾಟಿ ಒಳಗೆ ತಲುಪಲು ಹೊತ್ತು ಬೇಕು. ಒಂದೂವರೆ ಅಡಿಗಿಂತ ದಪ್ಪನಾದ ಮಣ್ಣಿನ ಗೋಡೆಯಲ್ಲಿ ಇದು ಹನ್ನೆರಡು ಗಂಟೆಗೂ ಮೀರಬಹುದು. ಮಧ್ಯಾಹ್ನದ ಬಿಸಿಲು ಒಳಗೆ ಮುಟ್ಟುವ ಹೊತ್ತಿಗೆ ನಡುರಾತ್ರಿ ಕಳೆದಿರುತ್ತದೆ. ಅದೂ ತೀರ ದುರ್ಬಲವಾಗಿ. ನಾಲ್ಕೂವರೆ ಇಂಚಿನ ಕಾಂಕ್ರೀಟ್ ಸ್ಲ್ಯಾಬಿಗೆ ಸುಮಾರು ಮೂರು ಗಂಟೆ ಸಾಕು. ಶಾಲೆ ಬಿಟ್ಟು ಮಕ್ಕಳು ಮನೆಗೆ ಬರುವ ಹೊತ್ತಿಗೆ ಸ್ಲ್ಯಾಬು ಕೆಳಮುಖವಾಗಿ ಶಾಖ ಸುರಿಯಲು ತೊಡಗಿರುತ್ತದೆ. ಫ್ಯಾನು ಆ ಬಿಸಿ ಗಾಳಿಯನ್ನೇ ತಿರುಗಿಸುತ್ತದೆ. ಮಾರ್ಚ್ ತಿಂಗಳ ಪರೀಕ್ಷೆಗೆ ಓದುವ ಹುಡುಗನಿಗೆ ಇದು ಪುಸ್ತಕದ ವಿಷಯವಲ್ಲ.

ಹಾಗೆಂದು ಸಿಮೆಂಟಿನ ಮನೆ ಕಟ್ಟಿದವರನ್ನು ಬುದ್ಧಿಗೇಡಿಗಳೆನ್ನುವುದು ಅನ್ಯಾಯ. ‘ಮಣ್ಣಿನ ಮನಿ ಯಾರಿಗೆ ಬೇಕ್ರಿ’ ಎಂದು ಹೆಣ್ಣುಮಕ್ಕಳು ಕೇಳಿದರೆ ಅವರ ಮಾತಿಗೆ ಕಿವಿಗೊಡಬೇಕು. ವರ್ಷ ವರ್ಷ ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು ಹೊರಿಸಬೇಕು. ಗೋಡೆ ಮೆತ್ತಬೇಕು, ನೆಲ ಸಾರಿಸಬೇಕು. ಈ ದುಡಿತದ ಬಹುಪಾಲು ಅವರ ಮೇಲೆಯೇ ಬೀಳುತ್ತಿತ್ತು. ಜಂತಿಯ ಸಂದಿಯಲ್ಲಿ ಚೇಳು, ಗೋಡೆಯ ಬುಡದಲ್ಲಿ ಇಲಿ. ಸಾಗವಾನಿ ಕೊಳ್ಳಲು ಸಾಮಾನ್ಯರಿಗೆ ಸಾಧ್ಯವಿಲ್ಲ. ಜಂತಿ ಜೋಡಿಸಬಲ್ಲ ಬಡಿಗೇರರೂ ಕಡಿಮೆಯಾದರು. ಹಳೆಯ ಮನೆ ಚಂದ ಎಂದು ಹೊಗಳುವವರಲ್ಲಿ ಅನೇಕರು ಅದರಲ್ಲಿ ಮಳೆಗಾಲ ಕಳೆದವರಲ್ಲ.

ಮಳೆಗಾಲದ ಮಾತು ಬಂದಮೇಲೆ ಮಲಪ್ರಭೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಬಿಡದೆ ಸುರಿದ ಮಳೆಗೆ ಲೆಕ್ಕವಿಲ್ಲದಷ್ಟು ಮಣ್ಣಿನ ಮನೆಗಳು ನೆಲಕಚ್ಚಿದವು. 2019ರ ಆಗಸ್ಟ್‌ನಲ್ಲಿ ಸವದತ್ತಿ ಬಳಿಯ ನವಿಲುತೀರ್ಥ ಜಲಾಶಯದಿಂದ ಭಾರಿ ಪ್ರಮಾಣದ ನೀರು ಹೊರಬಿಟ್ಟಾಗ ಕೆಳಗಿನ ರಾಮದುರ್ಗ ಪಟ್ಟಣದ ತಗ್ಗಿನ ಓಣಿಗಳಿಗೂ ತಾಲ್ಲೂಕಿನ ನದಿದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು.

ಮಣ್ಣಿನ ಗೋಡೆ ಬೀಳುವ ಬಗೆಯನ್ನು ತಿಳಿದಿರುವುದು ಅಗತ್ಯ. ಜೀವದ ಪ್ರಶ್ನೆ ಇದು. ಮೇಲಿಂದ ಬೀಳುವ ಮಳೆಯನ್ನು ದಪ್ಪ ಗೋಡೆ ಬಹಳ ಮಟ್ಟಿಗೆ ತಾಳಿಕೊಳ್ಳುತ್ತದೆ. ಆದರೆ ಬುಡದಲ್ಲಿ ನೀರು ನಿಂತರೆ ಕೆಳಗಿನ ಮಣ್ಣು ಮೆತ್ತಗಾಗುತ್ತದೆ, ಮೇಲಿನ ಭಾರ ಹಾಗೆಯೇ ಇರುತ್ತದೆ, ನೆನೆದ ಮಾಳಿಗೆಯ ಭಾರವೂ ಅದಕ್ಕೆ ಕೂಡುತ್ತದೆ. ಆದ್ದರಿಂದಲೇ ಅನೇಕ ಗೋಡೆಗಳು ಪ್ರವಾಹ ಇಳಿದ ಮೇಲೆ, ಎಲ್ಲ ಮುಗಿಯಿತೆಂದು ಜನ ಒಳಗೆ ಹೋದಾಗ ಕುಸಿಯುತ್ತವೆ. ಕಪ್ಪು ಮಣ್ಣಿನ ನೆಲದಲ್ಲಿ ಇನ್ನೊಂದು ತೊಡಕು. ಆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಗರಸು ಸಿಗುವವರೆಗೆ ಬುನಾದಿ ಅಗೆಯದ ಮನೆಗೆ ಬಿರುಕು ತಪ್ಪದು. ಸಿಮೆಂಟಿನ ಮನೆಗೂ ಈ ಮಾತು ಅನ್ವಯಿಸುತ್ತದೆ. ರಾಮದುರ್ಗ, ಸವದತ್ತಿ ಕಡೆಯ ಗುಡ್ಡಗಳಲ್ಲಿ ಮರಳುಗಲ್ಲಿಗೆ ಬರವಿಲ್ಲ. ಗೋಡೆಯ ಕೆಳಭಾಗವನ್ನು ಕಲ್ಲಿನಲ್ಲಿ ಎತ್ತರಿಸಿ, ಮೇಲೆ ಮಣ್ಣು ಏರಿಸಿದ ಹಳೆಯ ಮನೆಗಳು ಈ ಪಾಠವನ್ನು ಕಲಿತವೇ. ಇಂಥ ಊರಿನಲ್ಲಿ ಹಳೆಯದನ್ನು ಇದ್ದಂತೆಯೇ ಉಳಿಸಿ ಎನ್ನುವ ಮಾರ್ಗಸೂಚಿ ಪ್ರಾಣಕ್ಕೆ ಕುತ್ತಾದೀತು. ನದಿಯ ಪಾತ್ರದಲ್ಲಿರುವ ಮನೆ ಎಷ್ಟೇ ಚಂದವಿರಲಿ, ಜಾಗ ಬದಲಿಸಬೇಕು.

ಜಾಗ ಬದಲಿಸಿದಾಗ ಓಣಿಯನ್ನು ಹೇಗೆ ಒಯ್ಯುವುದು? 2009ರ ಪ್ರವಾಹದ ನಂತರ ಸರ್ಕಾರ ದಾನಿಗಳ ನೆರವಿನಿಂದ ‘ಆಸರೆ’ ಮನೆಗಳನ್ನು ಕಟ್ಟಿಸಿತು. ಸೂರು ಕಳೆದುಕೊಂಡವರಿಗೆ ಸೂರು ಸಿಕ್ಕಿತು, ಅದು ಸಣ್ಣ ಮಾತಲ್ಲ. ಆದರೆ ಚೌಕಾಬಾರದ ಮನೆಯಂತೆ ಗೆರೆ ಎಳೆದ ಆ ಹೊಸ ಊರುಗಳಲ್ಲಿ ಎತ್ತು ಕಟ್ಟಲು, ಮೇವು ಒಟ್ಟಲು, ಕಾಳು ಇಡಲು ಜಾಗ ಸಾಲಲಿಲ್ಲ. ಅನೇಕ ಕಡೆ ಮನೆಗಳು ಬೀಗ ಹಾಕಿದಂತೆಯೇ ಉಳಿದ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇತ್ತು. ಹೋಗಿ ನೆಲೆಸಿದವರು ಮೊದಲು ಮಾಡಿದ ಕೆಲಸವೆಂದರೆ ಮುಂದೊಂದು ತಗಡಿನ ಚಪ್ಪರ ಇಳಿಸಿ, ಕಲ್ಲು ಜೋಡಿಸಿ ಕಟ್ಟೆ ಮಾಡಿಕೊಂಡದ್ದು. ನಕ್ಷೆ ಬರೆದವರು ಬಿಟ್ಟದ್ದನ್ನು ಜನ ತಾವೇ ಸೇರಿಸಿಕೊಂಡರು.

ರಾಮದುರ್ಗ, ಸುರೇಬಾನ ಕಡೆಯ ನೇಕಾರರ ಮನೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ಕುಣಿಮಗ್ಗವಿರುವ ಮನೆಯಲ್ಲಿ ಪಡಸಾಲೆಯೇ ಕಾರ್ಖಾನೆ. ನೇಯುವವರು ಕುಣಿಯಲ್ಲಿ ಕಾಲಿಟ್ಟು ನೆಲದ ಮಟ್ಟದಲ್ಲಿ ಕೂಡುತ್ತಾರೆ. ನೆಲದ ತಂಪು ನೂಲಿಗೆ ಬೇಕು, ಒಣ ಗಾಳಿಗೆ ಎಳೆ ಹರಿಯುತ್ತದೆ. ಹಾಸು ಹೂಡಲು ಓಣಿಯ ಉದ್ದ ಬೇಕು. ಇಂಥವರಿಗೆ ಒಂದು ಹಾಲ್, ಒಂದು ಬೆಡ್‌ರೂಮ್ ಎಂದು ಟೈಲ್ಸ್ ಹಾಕಿಸಿ ಕೊಟ್ಟರೆ ಕೊಟ್ಟದ್ದು ಮನೆ, ಕಸಿದದ್ದು ಕಸುಬು. ನೇಕಾರರಿಗೆ ಮನೆ ಮತ್ತು ಮಗ್ಗದ ಕೋಣೆ ಒಂದೇ ಸೂರಿನಡಿ ಎಂಬ ಸರ್ಕಾರಿ ಯೋಜನೆ ಬಂದದ್ದು ಈ ಸತ್ಯ ಅರಿತೇ.

ಇನ್ನೊಂದು ವಿಚಿತ್ರ ಕಾಗದದ ಮೇಲಿದೆ. ಸರ್ಕಾರಿ ಗಣತಿಗಳಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆಯ ಮನೆ ‘ಕಚ್ಚಾ’ ಪಟ್ಟಿಗೆ ಸೇರುತ್ತದೆ. ನಾಲ್ಕು ತಲೆಮಾರು ಕಂಡ ಎರಡಡಿ ದಪ್ಪದ ಗೋಡೆಯೂ ಕಚ್ಚಾ. ನಿನ್ನೆ ನಾಲ್ಕೂವರೆ ಇಂಚಿನ ಇಟ್ಟಿಗೆಯಲ್ಲಿ ಎಬ್ಬಿಸಿದ್ದು ಪಕ್ಕಾ. ಬಡವರ ವಸತಿ ಯೋಜನೆಗಳ ಹಣ ಬರುವುದು ಬಹುಮಟ್ಟಿಗೆ ಹೊಸ ಪಕ್ಕಾ ಮನೆಗೆ. 2019ರ ಪ್ರವಾಹದಲ್ಲಿ ಮನೆ ಪೂರ್ತಿ ಕಳೆದುಕೊಂಡವರಿಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಆ ಹಣದಿಂದ ಕಲ್ಲಿನ ಬುನಾದಿಯ, ದಪ್ಪ ಗೋಡೆಯ, ಕಟ್ಟೆ-ಪಡಸಾಲೆಯ ಮನೆಯನ್ನು ಹೇಗೆ ಕಟ್ಟಬಹುದೆಂದು ತೋರಿಸುವ ನಾಲ್ಕು ಮಾದರಿ ನಕ್ಷೆಗಳು ಪ್ರತಿ ಓಣಿಗೂ ಜತೆಯಲ್ಲೇ ಬಂದಿದ್ದರೆ ಎಷ್ಟು ಚೆನ್ನಾಗಿತ್ತು! ಹಣ ಕೈಗೆ ಬಂದಾಗ ಮೇಸ್ತ್ರಿಗೆ ಗೊತ್ತಿರುವುದು ಒಂದೇ ನಕ್ಷೆ.

ದಪ್ಪ ಗೋಡೆಗೂ ಸಿಮೆಂಟಿಗೂ ಜಗಳವೇನಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ಹಳ್ಳಿಗಳಿಗೆ ಒಪ್ಪುವ ತಂತ್ರಜ್ಞಾನವನ್ನೇ ಗುರಿಯಾಗಿ ಇಟ್ಟುಕೊಂಡಿತ್ತು. ಅಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ರೂಢಿಗೆ ತಂದರು. ಇದನ್ನು ಸುಡಬೇಕಾಗಿಲ್ಲ, ನೀರಲ್ಲಿ ನೆನೆದರೂ ಕರಗುವುದಿಲ್ಲ. ಆದರೆ ಅಚ್ಚ ಕಪ್ಪು ಮಣ್ಣು ಇದಕ್ಕೆ ಆಗದು, ಮರಳು ಬೆರೆತ ಕೆಂಪು ಮಣ್ಣು ಬೇಕು. ಅದು ಕಿತ್ತೂರಿನ ಕಡೆ ಸುಲಭ, ಕಪ್ಪು ನೆಲದ ಊರುಗಳಲ್ಲಿ ಕಷ್ಟ. ಇಲ್ಲಿಯೂ ಒಂದೇ ಸೂತ್ರ ನಾಲ್ಕು ಊರಿಗೆ ಹೊಂದುವುದಿಲ್ಲ.

ಬೇರೆ ನಗರಗಳು ಮಾಡಿದ್ದನ್ನು ನೋಡಿ ಕಲಿಯುವುದಿದೆ, ನೋಡಿ ಬಿಡುವುದೂ ಇದೆ. ಮುಂಬೈ ಮಹಾನಗರ 1995ರಲ್ಲಿಯೇ ಪಾರಂಪರಿಕ ಕಟ್ಟಡಗಳಿಗೂ ವಠಾರಗಳಿಗೂ ನಿಯಮ ಮಾಡಿತು. ಅಹಮದಾಬಾದಿನ ಹಳೆಯ ಕೋಟೆಯೊಳಗಿನ ‘ಪೋಳ’ಗಳು ಇಲ್ಲಿಯ ಓಣಿಗಳ ಅಕ್ಕತಂಗಿಯರಂತಿವೆ, 2017ರಲ್ಲಿ ಆ ನಗರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿ ಹಳೆಯ ಮನೆ ಉಳಿಸಿಕೊಂಡವರು ತಾವು ಕಟ್ಟದೆ ಬಿಟ್ಟ ಅಂತಸ್ತಿನ ಹಕ್ಕನ್ನು ಬೇರೆಡೆ ಕಟ್ಟುವವರಿಗೆ ಮಾರಬಹುದು. ಜಾಣ ಉಪಾಯವೇ. ಆದರೆ ಬೈಲಹೊಂಗಲದಲ್ಲಿ ಹತ್ತನೆಯ ಅಂತಸ್ತಿನ ಹಕ್ಕು ಕೊಳ್ಳುವವರು ಯಾರು? ಚಿಕ್ಕ ಊರಿಗೆ ಒಪ್ಪುವುದು ಮನೆಪಟ್ಟಿಯಲ್ಲಿ ಇಳಿತಾಯ, ರಿಪೇರಿಗೆ ಸುಲಭದ ಸಾಲ. ಉಳಿಸು ಎಂದು ಹೇಳುವವರು ಖರ್ಚಿನಲ್ಲಿ ಪಾಲು ಕೊಡದಿದ್ದರೆ ನಿಯಮ ಬಡವನ ಮೇಲೆ ಹೇರಿದ ದಂಡವಾಗುತ್ತದೆ.

ಸ್ಮಾರಕಗಳ ಕಾಯ್ದೆ ಇದೆಯಲ್ಲ ಎಂದು ಕೇಳಬಹುದು. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್ ನಿರ್ಬಂಧಿತ ಎಂದು 2010ರ ತಿದ್ದುಪಡಿ ಹೇಳುತ್ತದೆ. ಅದು ಕಾಯುವುದು ಸ್ಮಾರಕವನ್ನು, ಪಕ್ಕದ ಓಣಿಯನ್ನಲ್ಲ. 1824ರ ಅಕ್ಟೋಬರ್ 23ರಂದು ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡಳು. ಅವಳ ಸಮಾಧಿಗೂ ಕಿತ್ತೂರಿನ ಕೋಟೆಗೂ ಪ್ರವಾಸಿಗರು ಬರುತ್ತಾರೆ. ಬಂದವರು ಕೋಟೆಯನ್ನು ನೋಡಿ, ಅವಳ ಪಕ್ಷದಲ್ಲಿ ಕಾದ ರೈತಾಪಿ ಜನ ಎಂಥ ಮನೆಗಳಲ್ಲಿ ಬಾಳಿದರೆಂದು ತಿಳಿಯದೆ ಹೋಗುತ್ತಾರೆ.

ಹಾಗಾದರೆ ಈ ಊರುಗಳ ಮಾರ್ಗಸೂಚಿಯಲ್ಲಿ ಏನಿರಬೇಕು? ಬಣ್ಣ ಯಾವುದು, ಕಿಟಕಿ ಎಂಥದು ಎಂಬ ತಕರಾರಿಗಿಂತ ಮೊದಲು ರಸ್ತೆಯ ಮಟ್ಟದ ಮಾತು ಬರಬೇಕು. ಓಣಿಗೆ ಪ್ರತಿ ಸಲ ಕಾಂಕ್ರೀಟ್ ಹಾಕುವಾಗ ಹಳೆಯದನ್ನು ಕಿತ್ತು ತೆಗೆಯದೆ ಅದರ ಮೇಲೆಯೇ ಸುರಿಯುತ್ತಾರೆ. ನಾಲ್ಕಾರು ಇಂಚು ಏರುತ್ತ ಏರುತ್ತ ಮೊದಲು ಕಟ್ಟೆಯ ಮೆಟ್ಟಿಲು ಮುಳುಗುತ್ತದೆ, ಆಮೇಲೆ ಕಟ್ಟೆ, ಕೊನೆಗೆ ಹೊಸ್ತಿಲು. ರಸ್ತೆಯ ನೀರು ಪಡಸಾಲೆಗೆ ಬಂದ ದಿನ ಮನೆಯೊಡೆಯ ಹಳೆಯ ಮನೆ ಕೆಡವಲು ತೀರ್ಮಾನಿಸುತ್ತಾನೆ. ಓಣಿ ಹಾಳಾಗಿದ್ದು ಹೊಸ ಮನೆಯಿಂದ ಎಂದು ನೋಡುವವರು ಹೇಳುತ್ತಾರೆ. ಹಾಳಾದದ್ದು ರಸ್ತೆಯಿಂದ. ಕಿತ್ತು ಹಾಕಬೇಕು, ಮಟ್ಟ ಏರಿಸಕೂಡದು ಎಂಬ ಒಂದೇ ಸಾಲಿನ ನಿಯಮ ಎಷ್ಟೋ ಮನೆಗಳನ್ನು ಉಳಿಸೀತು. ಎರಡನೆಯದಾಗಿ, ರಸ್ತೆ ಅಗಲ ಮಾಡುವಾಗ ಕಟ್ಟೆಯನ್ನು ಅತಿಕ್ರಮಣವೆಂದು ಒಡೆಯುವ ಮೊದಲು ಆ ಓಣಿಯಲ್ಲಿ ಲಾರಿ ಹೋಗಬೇಕಾದ ಅಗತ್ಯವಿದೆಯೇ ಎಂದು ಕೇಳಬೇಕು. ಸಾಲಿನ ಎತ್ತರ, ಹಂಚಿಕೊಂಡ ಗೋಡೆ, ನೆರೆಯ ಮಟ್ಟಕ್ಕಿಂತ ಮೇಲಿರುವ ಕಲ್ಲಿನ ಬುನಾದಿ, ಮಗ್ಗಕ್ಕೂ ದನಕ್ಕೂ ಜಾಗ ಇವಿಷ್ಟಕ್ಕೆ ಮಾತು ಸಾಕು. ಉಳಿದದ್ದನ್ನು ಮನೆಯವರಿಗೇ ಬಿಡಬಹುದು.

ಊರಿನ ಮಹಾಯೋಜನೆ ತಯಾರಾದಾಗ ಕರಡನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕೆಂದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೇ (1961) ಹೇಳುತ್ತದೆ. ಆಗ ಬರಿಗೈಯಲ್ಲಿ ಹೋಗುವುದಕ್ಕಿಂತ ಅಳತೆಯ ಹಾಳೆ ಹಿಡಿದು ಹೋಗುವುದು ಲೇಸು. ಅದನ್ನು ಹೈಸ್ಕೂಲಿನ ಮಕ್ಕಳು ಮಾಡಬಲ್ಲರು. ಟೇಪು ಹಿಡಿದು ತಮ್ಮ ಓಣಿಯ ಅಗಲ, ಪ್ರತಿ ಕಟ್ಟೆಯ ಎತ್ತರ, ರಸ್ತೆಯಿಂದ ಹೊಸ್ತಿಲು ಎಷ್ಟು ಇಂಚು ಮೇಲೆ ಅಥವಾ ಕೆಳಗೆ, 2019ರಲ್ಲಿ ನೀರು ಬಂದದ್ದು ಗೋಡೆಯ ಎಲ್ಲಿಯವರೆಗೆ, ಇವನ್ನು ಬರೆದುಕೊಳ್ಳಬೇಕು. ನೀರಿನ ಮಟ್ಟವನ್ನು ಎರಡು ಮನೆಯವರನ್ನು ಬೇರೆ ಬೇರೆಯಾಗಿ ಕೇಳಿದರೆ ತಪ್ಪು ಕಡಿಮೆ. ಬೇಸಿಗೆಯಲ್ಲಿ ಒಂದು ಮಾಳಿಗೆ ಮನೆಯಲ್ಲಿಯೂ ಒಂದು ಸ್ಲ್ಯಾಬಿನ ಮನೆಯಲ್ಲಿಯೂ ಎರಡು ಉಷ್ಣಮಾಪಕಗಳನ್ನು ತೂಗುಹಾಕಿ, ಬೆಳಿಗ್ಗೆ 6, ಮಧ್ಯಾಹ್ನ 2, ಸಂಜೆ 6 ಮತ್ತು ರಾತ್ರಿ 10ಕ್ಕೆ ನೋಡಬೇಕು. ಉಷ್ಣಮಾಪಕದ ಬುರುಡೆ ಗೋಡೆಗೆ ತಾಗಬಾರದು. ಓದುವಾಗ ಮುಖ ಹತ್ತಿರ ಒಯ್ದರೆ ಉಸಿರಿನ ಬಿಸಿಯೇ ಪಾದರಸವನ್ನು ಏರಿಸಿಬಿಡುತ್ತದೆ. ಎರಡೂ ಉಷ್ಣಮಾಪಕಗಳನ್ನು ಮೊದಲ ದಿನ ಒಂದೇ ಕೋಣೆಯಲ್ಲಿ ಇಟ್ಟು, ಒಂದೇ ಅಂಕಿ ತೋರಿಸುತ್ತವೆಯೇ ಎಂದು ನೋಡಿಕೊಳ್ಳುವುದನ್ನು ಮರೆಯಬಾರದು.